ಕಾಗದದ ಮೇಲಿನ ಕಳ್ಳತನ ಹಿಡಿಯುವುದು ಹೇಗೆ? ಮಾಹಿತಿ ಹಕ್ಕು ಅರ್ಜಿಯಿಂದ ಲೋಕಾಯುಕ್ತ ದೂರಿನವರೆಗೆ

“ನಮ್ಮೂರ ರಸ್ತೆ ಕೆಲಸದಲ್ಲಿ ದುಡ್ಡು ಹೊಡೆದಿದ್ದಾರೆ ಸಾರ್, ಎಲ್ಲರಿಗೂ ಗೊತ್ತು. ಏನು ಮಾಡೋದು?”

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ರಸ್ತೆಯ ಬದಲು ಚರಂಡಿ ಇರಬಹುದು, ಶಾಲೆಯ ಕಾಂಪೌಂಡ್ ಇರಬಹುದು, ಬೀದಿದೀಪ ಇರಬಹುದು. ಪ್ರಶ್ನೆ ಮಾತ್ರ ಅದೇ. ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ಹೇಳುವುದಕ್ಕಿಂತ ಒಂದು ಕಡೆ ಬರೆದಿಡೋಣ ಅನ್ನಿಸಿತು.

ಮೊದಲು “ಎಲ್ಲರಿಗೂ ಗೊತ್ತು” ಅನ್ನುವ ಮಾತನ್ನು ಪಕ್ಕಕ್ಕಿಡಿ. ಅದು ಕಟ್ಟೆಯ ಮೇಲೆ ನಡೆಯುತ್ತದೆ, ದೂರಿನಲ್ಲಿ ನಡೆಯುವುದಿಲ್ಲ. ವೈಟ್ ಕಾಲರ್ ಅಪರಾಧ ಅಂದರೆ ಕುರ್ಚಿಯಲ್ಲಿ ಕೂತು, ಹುದ್ದೆ ಮತ್ತು ನಂಬಿಕೆಯನ್ನು ಬಳಸಿಕೊಂಡು ಮಾಡುವ ಮೋಸ. 1939ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್ಲ್ಯಾಂಡ್ ಈ ಹೆಸರನ್ನು ಬಳಕೆಗೆ ತಂದರು. ಇಂಥ ಮೋಸದಲ್ಲಿ ಬೀಗ ಒಡೆದಿರುವುದಿಲ್ಲ, ನೋಡಿದ ಸಾಕ್ಷಿಯೂ ಸಿಗುವುದಿಲ್ಲ. ಆದರೆ ಸರ್ಕಾರದ ದುಡ್ಡು ಹೊರಗೆ ಹೋಗಬೇಕಾದರೆ ನಾಲ್ಕಾರು ಸಹಿ ಬೇಕೇ ಬೇಕು. ಅಂದರೆ ದುಡ್ಡು ಹೊಡೆದವರು ಒಂದು ಸುಳ್ಳನ್ನು ಎಲ್ಲೋ ಒಂದು ಹಾಳೆಯಲ್ಲಿ ಬರೆದೇ ಇರುತ್ತಾರೆ. ಆ ಹಾಳೆ ಯಾವುದು ಅಂತ ಹುಡುಕುವುದೇ ನಮ್ಮ ಕೆಲಸ.

ಇಲ್ಲಿ ಹೇಳುತ್ತಿರುವುದು ಕರ್ನಾಟಕ ಸರ್ಕಾರದ ಇಲಾಖೆ, ಪಂಚಾಯತಿ, ನಗರಸಭೆಗಳ ಕಾಮಗಾರಿ ಮತ್ತು ಖರೀದಿಗಳ ಬಗ್ಗೆ. ವಕೀಲರು ಬೇಕಿಲ್ಲ. ಬೇಕಿರುವುದು ಒಂದು ಫೈಲು, ಒಂದು ಡೈರಿ, 30 ಮೀಟರಿನ ಟೇಪು ಮತ್ತು ಆರು ತಿಂಗಳಿಂದ ಎರಡು ವರ್ಷದವರೆಗಿನ ತಾಳ್ಮೆ. ಕೊನೆಯದು ಇಲ್ಲದಿದ್ದರೆ ಶುರು ಮಾಡಲೇಬೇಡಿ.

ಹಂತ 1: ಒಂದೇ ಒಂದು ಕೆಲಸ ಆರಿಸಿ

“ಐದು ವರ್ಷದ ಎಲ್ಲಾ ಅವ್ಯವಹಾರ” ಅಂತ ಹೊರಟವರು ಮೂರನೇ ತಿಂಗಳಿಗೆ ಕೈಚೆಲ್ಲುತ್ತಾರೆ. ಒಂದು ರಸ್ತೆ, ಒಂದು ವರ್ಷ, ಒಂದು ಬಿಲ್ ಸಾಕು. ತೀರಾ ಹಳೆಯದು ಬೇಡ. ಯಾಕೆಂದರೆ ಕರ್ನಾಟಕ ಲೋಕಾಯುಕ್ತ ಕಾಯ್ದೆಯಲ್ಲಿ ಭ್ರಷ್ಟಾಚಾರದ ಆರೋಪ ಇರುವ ದೂರಿಗೆ, ಕೃತ್ಯ ನಡೆದ ದಿನದಿಂದ 5 ವರ್ಷದ ಗಡುವು ಇದೆ. ಮೊದಲು ಕ್ಯಾಲೆಂಡರ್ ನೋಡಿ.

ಅರ್ಜಿ ಹಾಕುವ ಮುಂಚೆ, ಪುಕ್ಕಟೆ ಸಿಗುವುದನ್ನು ಎತ್ತಿಟ್ಟುಕೊಳ್ಳಿ. ಪಂಚಾಯತಿ ಖರ್ಚು ಇ-ಗ್ರಾಮ್‌ಸ್ವರಾಜ್ ಜಾಲತಾಣದಲ್ಲಿ ಸಿಗುತ್ತದೆ. ಟೆಂಡರ್ ವಿವರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆ ಪೋರ್ಟಲ್‌ನಲ್ಲಿ ಇರುತ್ತದೆ. ಸಿಎಜಿ, ಅಂದರೆ ಮಹಾಲೇಖಪಾಲರ ವರದಿಗಳು ವಿಧಾನಮಂಡಲದಲ್ಲಿ ಮಂಡನೆಯಾದ ಮೇಲೆ ಯಾರು ಬೇಕಾದರೂ ಓದಬಹುದು. ನಿಮ್ಮ ಇಲಾಖೆಯ ಹೆಸರು ಅಲ್ಲಿದ್ದರೆ ಅರ್ಧ ಕೆಲಸ ಯಾರೋ ಆಗಲೇ ಮಾಡಿಟ್ಟ ಹಾಗೆ.

ಪಂಚಾಯತಿಗಳ ಮಟ್ಟಿಗೆ ಸ್ಥಳೀಯ ಲೆಕ್ಕಪರಿಶೋಧನಾ ವರದಿ ಇನ್ನೂ ಉಪಯುಕ್ತ. ಅದರಲ್ಲಿ “ಆಕ್ಷೇಪಣೆ ಕಂಡಿಕೆ” ಅಂತ ಬರುತ್ತದೆ. ಲೆಕ್ಕ ಪರಿಶೋಧಕರು “ಇದಕ್ಕೆ ವೋಚರ್ ಇಲ್ಲ, ಇದು ವಸೂಲಿಗೆ ಅರ್ಹ” ಅಂತ ಬರೆದ ಪ್ಯಾರಾ ಅದು. ಎಷ್ಟೋ ಊರುಗಳಲ್ಲಿ ಈ ವರದಿ ಬೀರುವಿನಲ್ಲಿ ಮಲಗಿರುತ್ತದೆ, ಯಾರೂ ಕೇಳಿರುವುದಿಲ್ಲ.

ಹಂತ 2: ಯಾವ ಹಾಳೆ ಬೇಕು ಅಂತ ಗೊತ್ತಿರಲಿ

ಹೆಚ್ಚಿನವರು ಎಡವುವುದು ಇಲ್ಲೇ. “ಸಂಪೂರ್ಣ ಮಾಹಿತಿ ಕೊಡಿ” ಅಂದರೆ ಏನೂ ಬರುವುದಿಲ್ಲ. ಹಾಳೆಯ ಹೆಸರು ಹಿಡಿದೇ ಕೇಳಬೇಕು. ಒಂದು ಕಾಮಗಾರಿಯ ಹಿಂದೆ ಸಾಮಾನ್ಯವಾಗಿ ಈ ಕಾಗದಗಳು ಇರುತ್ತವೆ.

ಅಂದಾಜು ಪಟ್ಟಿ: ಎಷ್ಟು ಉದ್ದ, ಎಷ್ಟು ದಪ್ಪ, ಯಾವ ದರ ಅಂತ ಕೆಲಸಕ್ಕೆ ಮುಂಚೆ ಮಾಡಿದ ಲೆಕ್ಕ. ಎಸ್ಟಿಮೇಟ್ ಅನ್ನುತ್ತಾರಲ್ಲ, ಅದು.

ಆಡಳಿತಾತ್ಮಕ ಅನುಮೋದನೆ ಮತ್ತು ತಾಂತ್ರಿಕ ಮಂಜೂರಾತಿ: ಮೊದಲನೆಯದು “ಈ ಕೆಲಸ ಮಾಡಿ” ಅನ್ನುವ ಒಪ್ಪಿಗೆ, ಎರಡನೆಯದು “ಈ ಲೆಕ್ಕ ಸರಿ ಇದೆ” ಅಂತ ಎಂಜಿನಿಯರ್ ಕೊಟ್ಟ ಒಪ್ಪಿಗೆ.

ಕಾರ್ಯಾದೇಶ: ಗುತ್ತಿಗೆದಾರರಿಗೆ ಕೊಟ್ಟ ವರ್ಕ್ ಆರ್ಡರ್. ತಾರೀಖು ನೋಡುವುದು ಇದರಲ್ಲೇ.

ಅಳತೆ ಪುಸ್ತಕ: ಕಚೇರಿಯಲ್ಲಿ ಇದಕ್ಕೆ ಎಂ.ಬಿ. ಅನ್ನುತ್ತಾರೆ. ಕಿರಿಯ ಎಂಜಿನಿಯರ್ ಜಾಗಕ್ಕೆ ಹೋಗಿ ಅಳೆದು ಬರೆಯಬೇಕಾದ ಪುಸ್ತಕ. ಬಿಲ್ ಆಗುವುದು ಇದರ ಮೇಲೆ. ಎಲ್ಲಾ ಬಿಟ್ಟು ಒಂದೇ ಕಾಗದ ಕೇಳಬೇಕು ಅಂದರೆ ನಾನು ಎಂ.ಬಿ. ಕೇಳುತ್ತೇನೆ.

ಬಿಲ್ ಮತ್ತು ವೋಚರ್, ಗುಣಮಟ್ಟ ಪರೀಕ್ಷಾ ವರದಿ, ಕೆಲಸದ ಮುಂಚಿನ ಮತ್ತು ನಂತರದ ಫೋಟೊ, ಕಾಮಗಾರಿ ಮುಗಿದ ಪ್ರಮಾಣಪತ್ರ. ಅನುದಾನ ಮೇಲಿನಿಂದ ಬಂದಿದ್ದರೆ ಬಳಕೆ ಪ್ರಮಾಣಪತ್ರ, ಅಂದರೆ “ಕೊಟ್ಟ ದುಡ್ಡನ್ನು ಇದೇ ಕೆಲಸಕ್ಕೆ ಬಳಸಿದ್ದೇವೆ” ಅಂತ ಬರೆದುಕೊಟ್ಟ ಚೀಟಿ.

ಖರೀದಿಯಾದರೆ, ಅಂದರೆ ಕುರ್ಚಿ, ಬಲ್ಬು, ಕಂಪ್ಯೂಟರ್ ಇಂಥವಾದರೆ, ಕೊಟೇಶನ್‌ಗಳು, ದರಗಳ ತುಲನಾ ಪಟ್ಟಿ ಮತ್ತು ದಾಸ್ತಾನು ವಹಿ ಕೇಳಿ. ದಾಸ್ತಾನು ವಹಿ ಅಂದರೆ ಸ್ಟಾಕ್ ರಿಜಿಸ್ಟರ್. ಬಿಲ್ಲಿನಲ್ಲಿ 200 ಬಲ್ಬು ಇದ್ದು ವಹಿಯಲ್ಲಿ 120 ಇದ್ದರೆ ಮುಂದೆ ಜಾಸ್ತಿ ಮಾತೇ ಬೇಡ.

ಹಂತ 3: ಅರ್ಜಿ ಬರೆಯಿರಿ, 150 ಪದದೊಳಗೆ

ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್ 12ರಿಂದ ಪೂರ್ತಿ ಜಾರಿಯಲ್ಲಿದೆ. ಕರ್ನಾಟಕದ ನಿಯಮಗಳಲ್ಲಿ 2008ರಿಂದ ಒಂದು ಷರತ್ತು ಸೇರಿಕೊಂಡಿದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ನನ್ನ ಮೊದಲ ಅರ್ಜಿ ಮೂರು ಪುಟ, ಇಪ್ಪತ್ತೆರಡು ಪ್ರಶ್ನೆ. ಒಂದು ತಿಂಗಳು ಕಾದ ಮೇಲೆ “ನಿಯಮಾನುಸಾರ ಇಲ್ಲ” ಅನ್ನುವ ಒಂದೇ ಸಾಲಿನೊಂದಿಗೆ ವಾಪಸ್ ಬಂತು. ನೀವು ಆ ತಿಂಗಳು ಉಳಿಸಿಕೊಳ್ಳಿ.

ನಮೂನೆ ಹೀಗಿರಲಿ:

“ವಿಷಯ: ಕಾಮಗಾರಿ ದಾಖಲೆಗಳ ದೃಢೀಕೃತ ನಕಲು. ತಮ್ಮ ವ್ಯಾಪ್ತಿಯಲ್ಲಿ 2024-25ನೇ ಸಾಲಿನಲ್ಲಿ ನಡೆದ ‘ಆಂಜನೇಯ ಗುಡಿಯಿಂದ ಸರ್ಕಾರಿ ಶಾಲೆವರೆಗೆ ಸಿಸಿ ರಸ್ತೆ’ ಕಾಮಗಾರಿಗೆ ಸಂಬಂಧಿಸಿ ಈ ದಾಖಲೆಗಳನ್ನು ಕೊಡಬೇಕಾಗಿ ಕೋರಿಕೆ: 1. ಅಂದಾಜು ಪಟ್ಟಿ. 2. ಕಾರ್ಯಾದೇಶ. 3. ಅಳತೆ ಪುಸ್ತಕದ ಸಂಬಂಧಿಸಿದ ಪುಟಗಳು. 4. ಪಾವತಿಸಿದ ಎಲ್ಲಾ ಬಿಲ್ ಮತ್ತು ವೋಚರ್. 5. ಗುಣಮಟ್ಟ ಪರೀಕ್ಷಾ ವರದಿ. 6. ಕಡತದ ಟಿಪ್ಪಣಿ ಹಾಳೆಗಳು. ನಕಲು ಪಡೆಯುವ ಮುನ್ನ ಮೂಲ ಕಡತ ಪರಿಶೀಲನೆಗೂ ದಿನಾಂಕ ನಿಗದಿ ಮಾಡಿ.”

ಇಷ್ಟೇ. “ಯಾಕೆ ಕಳಪೆ ಮಾಡಿದಿರಿ?”, “ಯಾರು ಹೊಣೆ?” ಅಂತೆಲ್ಲ ಕೇಳಬೇಡಿ. ಕಚೇರಿಯಲ್ಲಿ ಇರುವ ದಾಖಲೆಯನ್ನು ಕೊಡುವುದು ಅವರ ಕೆಲಸ. ಇಲ್ಲದ್ದನ್ನು ಹೊಸದಾಗಿ ಸೃಷ್ಟಿಸುವುದು, ಅಭಿಪ್ರಾಯ ಹೇಳುವುದು ಅವರ ಕೆಲಸ ಅಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಹಾಗೆಯೇ, ಮಾಹಿತಿ ಯಾಕೆ ಬೇಕು ಅಂತ ಅವರೂ ನಿಮ್ಮನ್ನು ಕೇಳುವಂತಿಲ್ಲ. ಸೆಕ್ಷನ್ 6(2) ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಯಾರಾದರೂ ಕೇಳಿದರೆ ನಗುತ್ತಾ ಅದನ್ನೇ ಹೇಳಿ.

ಅರ್ಜಿ ಶುಲ್ಕ 10 ರೂಪಾಯಿ. ಅಂಚೆ ಕಚೇರಿಯಲ್ಲಿ ಸಿಗುವ ಪೋಸ್ಟಲ್ ಆರ್ಡರ್ ಲಗತ್ತಿಸಿ, ಯಾರಿಗೆ ಸಲ್ಲಬೇಕು ಅನ್ನುವ ಹೆಸರಿನ ಜಾಗ ಖಾಲಿ ಬಿಡಬೇಡಿ. ನಕಲಿಗೆ ಪುಟಕ್ಕೆ 2 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕ ಇಲ್ಲ, ಅದರ ದಾಖಲೆ ಲಗತ್ತಿಸಬೇಕು. ರಾಜ್ಯದ ಆರ್‌ಟಿಐ ಆನ್‌ಲೈನ್ ಪೋರ್ಟಲ್‌ನಲ್ಲೂ ಹಾಕಬಹುದು. ಕೈಯಾರೆ ಕೊಟ್ಟರೆ ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಂಡೇ ಹೊರಗೆ ಬನ್ನಿ. “ಆಮೇಲೆ ಹಾಕ್ಕೊಡ್ತೀವಿ” ಅಂದರೆ ವಾಪಸ್ ತಂದು ಸ್ಪೀಡ್ ಪೋಸ್ಟ್ ಮಾಡಿ.

ಯಾರಿಗೆ ಬರೆಯಬೇಕು? ಆ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ. ಗ್ರಾಮ ಪಂಚಾಯತಿಯಲ್ಲಿ ಸಾಮಾನ್ಯವಾಗಿ ಪಿಡಿಒ, ಅಂದರೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ. ಎಂ.ಬಿ. ಕೆಲವು ಸಲ ಪಂಚಾಯತಿಯಲ್ಲಿ ಇರದೆ ಎಂಜಿನಿಯರಿಂಗ್ ಉಪವಿಭಾಗದಲ್ಲಿ ಇರುತ್ತದೆ. ಹಾಗಿದ್ದರೆ ಅರ್ಜಿಯನ್ನು ಅಲ್ಲಿಗೆ 5 ದಿನದೊಳಗೆ ವರ್ಗಾಯಿಸುವ ಹೊಣೆ ಅವರದ್ದು, ನಿಮ್ಮದಲ್ಲ.

ಹಂತ 4: 30 ದಿನದ ಆಟ

ಉತ್ತರಕ್ಕೆ 30 ದಿನದ ಗಡುವು. ಡೈರಿಯಲ್ಲಿ ಬರೆದಿಡಿ. ಈ ಅವಧಿಯಲ್ಲಿ ನಾಲ್ಕು ಥರದ ಪತ್ರ ಬರಬಹುದು.

ದುಡ್ಡು ಕಟ್ಟಿ ಅನ್ನುವ ಪತ್ರ. ತಕ್ಷಣ ಕಟ್ಟಿ. ಆ ಪತ್ರ ಕಳಿಸಿದ ದಿನದಿಂದ ನೀವು ಕಟ್ಟುವವರೆಗೆ 30 ದಿನದ ಗಡಿಯಾರ ನಿಂತಿರುತ್ತದೆ. 46 ರೂಪಾಯಿಗೆ ಎರಡು ವಾರ ಯೋಚನೆ ಮಾಡಿದವರನ್ನು ನೋಡಿದ್ದೇನೆ. ಗಡುವು ದಾಟಿದ ಮೇಲೆ ಕೊಡುವ ಮಾಹಿತಿಗಾದರೆ ಶುಲ್ಕ ಕೇಳುವಂತಿಲ್ಲ.

“ವೈಯಕ್ತಿಕ ಮಾಹಿತಿ” ಅನ್ನುವ ಪತ್ರ. ಸೆಕ್ಷನ್ 8(1)(ಜೆ) ಇದು. ಅಧಿಕಾರಿಯ ಆಸ್ತಿ, ರಜೆ, ಸೇವಾ ವಿವರ ಕೇಳಿದರೆ ಈ ಉತ್ತರ ಖಂಡಿತ. 2012ರಲ್ಲಿ ಸುಪ್ರೀಂ ಕೋರ್ಟ್ ಇಂಥವನ್ನು ವೈಯಕ್ತಿಕ ಅಂದಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಕಲಮನ್ನು ಇನ್ನೂ ಬಿಗಿ ಮಾಡಿತು. ಅದಕ್ಕೇ ನಾನು ಹೇಳುವುದು, ವ್ಯಕ್ತಿಯ ಬೆನ್ನು ಹತ್ತಬೇಡಿ, ಕಾಮಗಾರಿಯ ಬೆನ್ನು ಹತ್ತಿ. ರಸ್ತೆಯ ಎಂ.ಬಿ. ಯಾರ ವೈಯಕ್ತಿಕ ಮಾಹಿತಿಯೂ ಅಲ್ಲ. ಆದರೂ ಈ ಕಲಮು ತೋರಿಸಿದರೆ, ಸಾರ್ವಜನಿಕ ಹಿತ ದೊಡ್ಡದಾದಲ್ಲಿ ಮಾಹಿತಿ ಕೊಡಬಹುದು ಅನ್ನುವ ಸೆಕ್ಷನ್ 8(2) ಹಾಗೇ ಇದೆ ಅಂತ ಮೇಲ್ಮನವಿಯಲ್ಲಿ ಬರೆಯಿರಿ.

“ಕಡತ ಲಭ್ಯವಿಲ್ಲ” ಅನ್ನುವ ಪತ್ರ. ಇದು ಬಂದರೆ ಬೇಜಾರು ಬೇಡ. ಬಿಲ್ ಪಾಸಾದ ಕೆಲಸದ ಕಡತ ಇಲ್ಲ ಅಂತ ಸಹಿ ಹಾಕಿ ಕೊಟ್ಟರೆ, ಅದೇ ಒಂದು ದಾಖಲೆ. ಕರ್ನಾಟಕ ರಾಜ್ಯ ಸಾರ್ವಜನಿಕ ದಾಖಲೆಗಳ ಕಾಯ್ದೆ 2010ರ ಅಡಿ ದಾಖಲೆ ಕಾಪಾಡುವುದು ಕಚೇರಿಯ ಹೊಣೆ. ಮುಂದೆ ಲೋಕಾಯುಕ್ತ ದೂರಿಗೆ ಈ ಪತ್ರವನ್ನೇ ಮೊದಲ ಲಗತ್ತು ಮಾಡಬಹುದು.

ನಾಲ್ಕನೆಯದು ಪತ್ರವೇ ಬರದಿರುವುದು. ಇದೇ ಜಾಸ್ತಿ. 30 ದಿನ ಉತ್ತರ ಬರದಿದ್ದರೆ ನಿರಾಕರಿಸಿದ ಹಾಗೆ ಲೆಕ್ಕ. ಅಲ್ಲಿಂದ ಇನ್ನು 30 ದಿನದೊಳಗೆ ಪ್ರಥಮ ಮೇಲ್ಮನವಿ ಹಾಕಬೇಕು. ಇದನ್ನು ಅದೇ ಇಲಾಖೆಯ ಮೇಲಧಿಕಾರಿ ಕೇಳುತ್ತಾರೆ. ಪಂಚಾಯತಿಗಾದರೆ ಸಾಮಾನ್ಯವಾಗಿ ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿ. ಅವರಿಗೆ 30 ದಿನ, ಕಾರಣ ಬರೆದರೆ 45 ದಿನದವರೆಗೆ ಸಮಯ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ.

ಇಲ್ಲೊಂದು ಗುಂಡಿ ಇದೆ, ಹುಷಾರು. ಆಯೋಗಕ್ಕೆ ಹೋಗಲು ಎರಡು ಬಾಗಿಲು: ಸೆಕ್ಷನ್ 18ರ ದೂರು, ಸೆಕ್ಷನ್ 19(3)ರ ಮೇಲ್ಮನವಿ. ಸಿಟ್ಟಿನಲ್ಲಿ ಹಲವರು ನೇರ 18ಕ್ಕೆ ಹೋಗುತ್ತಾರೆ. ಆದರೆ 18ರ ಅಡಿ ದಂಡ ಹಾಕಬಹುದೇ ಹೊರತು ಮಾಹಿತಿ ಕೊಡಿಸಲು ಆಗುವುದಿಲ್ಲ ಅಂತ 2011ರ ಡಿಸೆಂಬರ್‌ನಲ್ಲಿ ಮಣಿಪುರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮಗೆ ಹಾಳೆ ಬೇಕು ತಾನೇ? ಹಾಗಾದರೆ 19(3). ದಂಡವನ್ನೂ ಅದರಲ್ಲೇ ಕೇಳಿ: ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ಮಾಹಿತಿ ಅಧಿಕಾರಿಯ ಜೇಬಿನಿಂದ. ಆಯೋಗದಲ್ಲಿ ಸರದಿ ಉದ್ದ ಇದೆ. ತಿಂಗಳುಗಟ್ಟಲೆ ಕಾಯಬೇಕು. ಅದಕ್ಕೇ ಪ್ರಥಮ ಮೇಲ್ಮನವಿಯನ್ನು ಕಾಟಾಚಾರಕ್ಕೆ ಬರೆಯದೆ ಗಟ್ಟಿಯಾಗಿ ಬರೆಯಿರಿ. ಎಷ್ಟೋ ಸಲ ಅಲ್ಲೇ ಕೆಲಸ ಆಗುತ್ತದೆ.

ಹಂತ 5: ಕಡತದ ಮುಂದೆ ಕೂರುವ ದಿನ

ಕಡತ ಪರಿಶೀಲನೆ ನಿಮ್ಮ ಹಕ್ಕು. ನಕಲು ತರಿಸಿಕೊಳ್ಳುವುದಕ್ಕಿಂತ ಇದು ಮೇಲು. ಯಾಕೆಂದರೆ ಯಾವ ಹಾಳೆ ಇದೆ ಅಂತ ನಿಮ್ಮ ಕಣ್ಣಿಗೇ ಕಾಣುತ್ತದೆ. ಒಬ್ಬರೇ ಹೋಗಬೇಡಿ. ಇಬ್ಬರು ಹೋಗಿ, ಒಬ್ಬರು ಓದಲಿ, ಒಬ್ಬರು ಬರೆದುಕೊಳ್ಳಲಿ. ಮೊಬೈಲ್‌ನಲ್ಲಿ ಫೋಟೊ ತೆಗೆಯಲು ಬಿಡದಿದ್ದರೆ ಜಗಳಕ್ಕೆ ಇಳಿಯಬೇಡಿ. ಪುಟಸಂಖ್ಯೆ ಬರೆದುಕೊಂಡು ಆ ಪುಟಗಳ ದೃಢೀಕೃತ ನಕಲು ಕೇಳಿ. ದೂರಿಗೆ ಬೇಕಾಗುವುದು ಸೀಲು ಇರುವ ನಕಲೇ.

ಮೊದಲು ಪುಟಸಂಖ್ಯೆ ಓಡಿಸಿ. 14ರ ನಂತರ 17 ಬಂದರೆ ಗುರುತು ಹಾಕಿ. ಆಮೇಲೆ ಎಲ್ಲಾ ತಾರೀಖುಗಳನ್ನು ಒಂದು ಹಾಳೆಯಲ್ಲಿ ಮೇಲಿಂದ ಕೆಳಗೆ ಬರೆಯಿರಿ: ಅಂದಾಜು, ಅನುಮೋದನೆ, ಕಾರ್ಯಾದೇಶ, ಅಳತೆ, ಬಿಲ್, ಪಾವತಿ. ಕಾರ್ಯಾದೇಶ ಮಾರ್ಚ್ 22, ಅಳತೆ ಮಾರ್ಚ್ 24, ಪಾವತಿ ಮಾರ್ಚ್ 29 ಅಂತ ಇದ್ದರೆ, ಎರಡು ದಿನದಲ್ಲಿ ಕಾಂಕ್ರೀಟ್ ರಸ್ತೆ ಮುಗಿಯಿತು ಅಂತ ಅರ್ಥ. ಕಾಂಕ್ರೀಟ್ ಒಣಗುವುದಕ್ಕೂ ಅಷ್ಟು ದಿನ ಸಾಲದು ಅಲ್ವಾ? ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿಯುತ್ತದೆ, ಅನುದಾನ ವಾಪಸ್ ಹೋಗುತ್ತದೆ. ಹಾಗಾಗಿ ಮಾರ್ಚ್ ಬಿಲ್ಲುಗಳನ್ನು ನಾನು ಎರಡು ಸಲ ಓದುತ್ತೇನೆ.

ಕಾಮಗಾರಿಯ ಹೆಸರನ್ನೂ ಗಮನಿಸಿ. ಒಂದು ಪಟ್ಟಿಯಲ್ಲಿ “ಆಂಜನೇಯ ಗುಡಿಯಿಂದ ಶಾಲೆವರೆಗೆ ಸಿಸಿ ರಸ್ತೆ”. ಇನ್ನೊಂದು ಯೋಜನೆಯ ಪಟ್ಟಿಯಲ್ಲಿ “ಶಾಲೆಯಿಂದ ಆಂಜನೇಯ ಗುಡಿವರೆಗೆ ಸಿಸಿ ರಸ್ತೆ”. ರಸ್ತೆ ಒಂದೇ, ಹೋಗುವಾಗ ಒಂದು ಬಿಲ್, ಬರುವಾಗ ಒಂದು ಬಿಲ್. ಹಾಗಾಗಿ ಎಲ್ಲಾ ಯೋಜನೆಗಳ ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಇನ್ನೊಂದು ಹಳೆ ದಾರಿ ತುಂಡು ಮಾಡುವುದು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ 1999ರ ಪ್ರಕಾರ 5 ಲಕ್ಷ ರೂಪಾಯಿ ಒಳಗಿನ ಕಾಮಗಾರಿಗೆ ಟೆಂಡರ್ ಕಡ್ಡಾಯ ಅಲ್ಲ. ಹಾಗಾಗಿ 20 ಲಕ್ಷದ ಒಂದೇ ರಸ್ತೆಯನ್ನು 4.95 ಲಕ್ಷದ ನಾಲ್ಕು ಕೆಲಸ ಮಾಡಿ, ಒಬ್ಬರಿಗೇ ಒಂದೇ ದಿನ ಕೊಡುತ್ತಾರೆ. ದೊಡ್ಡ ಕೆಲಸಗಳಲ್ಲಿ “4(ಜಿ) ವಿನಾಯಿತಿ” ಅನ್ನುವ ಮಾತು ಕೇಳುತ್ತೀರಿ. ಟೆಂಡರ್ ಇಲ್ಲದೆ ನಿರ್ದಿಷ್ಟ ಸಂಸ್ಥೆಗೆ ಕೊಡಲು ಸರ್ಕಾರ ಹೊರಡಿಸುವ ಅಧಿಸೂಚನೆ ಅದು. ವಿನಾಯಿತಿ ಇದ್ದರೆ ಅಪರಾಧ ಅಂತ ಅಲ್ಲ. ಆದರೆ ಅಧಿಸೂಚನೆಯ ಪ್ರತಿ ಕಡತದಲ್ಲಿ ಇರಲೇಬೇಕು.

ಖರೀದಿ ಕಡತದಲ್ಲಿ ಮೂರು ಕೊಟೇಶನ್ ಇದ್ದರೆ ಪಕ್ಕಪಕ್ಕ ಇಡಿ. ಮೂರು ಅಂಗಡಿಯವರೂ ಒಂದೇ ಪದವನ್ನು ಒಂದೇ ರೀತಿ ತಪ್ಪು ಬರೆದಿದ್ದರೆ, ಬರೆದದ್ದು ಒಂದೇ ಕೈ. ಬಿಲ್ಲಿನ ಜಿಎಸ್‌ಟಿ ಸಂಖ್ಯೆ 15 ಅಕ್ಷರ ಮತ್ತು ಅಂಕೆಗಳದ್ದು, ಕರ್ನಾಟಕದ್ದಾದರೆ 29ರಿಂದ ಶುರು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಲ್ಲಿದೆ, ಯಾವಾಗ ನೋಂದಣಿ ಆಯಿತು, ಚಾಲ್ತಿಯಲ್ಲಿ ಇದೆಯೇ ಅನ್ನುವುದು ಯಾರಿಗಾದರೂ ಕಾಣುತ್ತದೆ. ನೋಂದಣಿಗಿಂತ ಮುಂಚಿನ ತಾರೀಖಿನ ಬಿಲ್ಲಿನಲ್ಲಿ ಅದೇ ಸಂಖ್ಯೆ ಇದ್ದರೆ ಏನರ್ಥ ಅಂತ ಬಿಡಿಸಿ ಹೇಳಬೇಕಿಲ್ಲ.

ಹಂತ 6: ಟೇಪು ಹಿಡಿಯಿರಿ

ಎಂ.ಬಿ. ಕೈಗೆ ಬಂದ ಮೇಲೆ ಜಾಗಕ್ಕೆ ಹೋಗಿ. ಹಗಲಿನಲ್ಲಿ, ಊರಿನ ಇಬ್ಬರು ಮೂವರ ಎದುರಿಗೆ. ಉದ್ದ ಒಮ್ಮೆ, ಅಗಲ ಐದಾರು ಕಡೆ ಅಳೆಯಿರಿ. ಟೇಪಿನ ಅಂಕೆ ಕಾಣುವ ಹಾಗೆ, ಸ್ಥಳ ಮತ್ತು ಸಮಯ ದಾಖಲಾಗುವ ಕ್ಯಾಮೆರಾ ಆ್ಯಪ್‌ನಲ್ಲಿ ಫೋಟೊ ತೆಗೆಯಿರಿ.

ಒಂದು ಲೆಕ್ಕ ಮಾಡಿ ನೋಡೋಣ. ಎಂ.ಬಿ.ಯಲ್ಲಿ 150 ಮೀಟರ್ ಉದ್ದ, 4 ಮೀಟರ್ ಅಗಲ, 0.15 ಮೀಟರ್ ದಪ್ಪ ಅಂತ ಇದೆ ಅಂದುಕೊಳ್ಳಿ. ಗುಣಿಸಿದರೆ 90 ಘನ ಮೀಟರ್ ಕಾಂಕ್ರೀಟ್, ಅಷ್ಟಕ್ಕೆ ಬಿಲ್ ಆಗಿದೆ. ನಿಮ್ಮ ಟೇಪಿನಲ್ಲಿ ಉದ್ದ 118, ಅಗಲ ಸರಾಸರಿ 3.4. ದಪ್ಪ ಮಾತ್ರ ಅವರು ಹೇಳಿದ್ದೇ ನಿಜ ಅಂತ ಒಪ್ಪಿದರೂ 60.18 ಘನ ಮೀಟರ್. ಮೂರರಲ್ಲಿ ಒಂದು ಪಾಲು ಕಾಂಕ್ರೀಟ್ ಪುಸ್ತಕದಲ್ಲಿ ಮಾತ್ರ ಇದೆ. ನೋಡಿ, “ಕಳಪೆ ಕಾಮಗಾರಿ” ಅನ್ನುವ ಮಾತೇ ಇಲ್ಲಿ ಬರಲಿಲ್ಲ. ಕಳಪೆಯೋ ಅಲ್ಲವೋ ಅನ್ನುವುದು ವಾದ, 118 ಮೀಟರ್ ಅನ್ನುವುದು ಅಳತೆ.

ದಪ್ಪ ನೋಡಬೇಕು ಅಂತ ರಸ್ತೆ ಅಗೆಯಬೇಡಿ. ಸಾರ್ವಜನಿಕ ಆಸ್ತಿಗೆ ಹಾನಿ ಅಂತ ಕೇಸು ನಿಮ್ಮ ಮೇಲೇ ಬೀಳುತ್ತದೆ. ಅಂಚು ಒಡೆದ ಕಡೆ ಸ್ಕೇಲು ಇಟ್ಟು ಫೋಟೊ ತೆಗೆದರೆ ಸಾಕು, ಉಳಿದದ್ದು ತನಿಖೆಯವರ ಕೆಲಸ.

ಸಣ್ಣ ವ್ಯತ್ಯಾಸಕ್ಕೆ ಕುಣಿಯಬೇಡಿ. ಐದಾರು ಇಂಚು ಹೆಚ್ಚು ಕಡಿಮೆ ಅಳತೆಯಲ್ಲೇ ಬರುತ್ತದೆ. ಒಮ್ಮೊಮ್ಮೆ ಎಲ್ಲಾ ಲೆಕ್ಕವೂ ತಾಳೆ ಆಗಿಬಿಡುತ್ತದೆ. ಆಗ “ಎಲ್ಲರಿಗೂ ಗೊತ್ತು” ಅಂದವರಿಗೂ ಅದನ್ನು ಹೋಗಿ ಹೇಳಿ.

ಹಂತ 7: ದೂರು ಎಲ್ಲಿಗೆ?

ಮೊದಲು ಬೇರ್ಪಡಿಸಿಕೊಳ್ಳಿ. ಪ್ರಮಾಣಪತ್ರ ತಡ ಮಾಡಿದರು ಅನ್ನುವುದು ಸೇವೆಯ ತಕರಾರು. ಅದಕ್ಕೆ 2011ರ ಸಕಾಲ ಕಾಯ್ದೆ ಇದೆ, ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಇದೆ. ಅದನ್ನು ಲೋಕಾಯುಕ್ತಕ್ಕೆ ಎಳೆಯಬೇಡಿ.

ರಾಜ್ಯದ ಅಧಿಕಾರಿ, ಜನಪ್ರತಿನಿಧಿಗಳ ಮೇಲಿನ ಭ್ರಷ್ಟಾಚಾರದ ದೂರು ಕರ್ನಾಟಕ ಲೋಕಾಯುಕ್ತಕ್ಕೆ. 1984ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ ಇದು. 2011ರ ಜುಲೈನಲ್ಲಿ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟಿದ್ದು ಇಲ್ಲಿಂದಲೇ. ನಡುವೆ 2016ರಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಅಂತ ಬೇರೆ ಮಾಡಿತ್ತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿ, ಅಧಿಕಾರ ಮತ್ತೆ ಲೋಕಾಯುಕ್ತ ಪೊಲೀಸರಿಗೆ ಬಂತು. ಈಗಲೂ ಎಸಿಬಿಗೆ ಅರ್ಜಿ ಬರೆಯುವವರು ಇದ್ದಾರೆ, ಪಾಪ.

ಲೋಕಾಯುಕ್ತದಲ್ಲಿ ಎರಡು ಕೈ ಇದೆ, ಗೊಂದಲ ಮಾಡಿಕೊಳ್ಳಬೇಡಿ. ಒಂದು ವಿಚಾರಣಾ ಕೈ. ಇಲ್ಲಿ ದೂರು ಸಾಬೀತಾದರೆ ಸರ್ಕಾರಕ್ಕೆ ವರದಿ ಹೋಗುತ್ತದೆ, ಇಲಾಖಾ ವಿಚಾರಣೆ, ಶಿಸ್ತುಕ್ರಮ, ನಷ್ಟ ವಸೂಲಿಗೆ ದಾರಿಯಾಗುತ್ತದೆ. ಇನ್ನೊಂದು ಪೊಲೀಸ್ ಕೈ. ಇವರು 1988ರ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಎಫ್‌ಐಆರ್ ಹಾಕಿ ಕೋರ್ಟಿಗೆ ಹೋಗುತ್ತಾರೆ. ಅಳತೆ ಸುಳ್ಳು, ಬಿಲ್ ಸುಳ್ಳು ಅನ್ನುವ ದೂರಿಗೆ ನಾನು ಮೊದಲು ವಿಚಾರಣಾ ಕೈಯನ್ನೇ ಹಿಡಿಯಿರಿ ಅನ್ನುತ್ತೇನೆ. ಯಾಕೆಂದರೆ ಅಧಿಕಾರಿ ಹುದ್ದೆಯಲ್ಲಿದ್ದು ಮಾಡಿದ ತೀರ್ಮಾನ ಅಥವಾ ಶಿಫಾರಸಿನ ಬಗ್ಗೆ ಪೊಲೀಸರು ತನಿಖೆ ಮಾಡಬೇಕಾದರೆ, 2018ರಲ್ಲಿ ಸೇರಿದ ಸೆಕ್ಷನ್ 17ಎ ಪ್ರಕಾರ ಮುಂಚಿತ ಅನುಮತಿ ಬೇಕು. ಅದು ಸರ್ಕಾರದ ಮೇಜಿನ ಮೇಲೆ ಕೂತರೆ ಕೂತೇ ಇರುತ್ತದೆ.

ಕೇಂದ್ರ ಸರ್ಕಾರಿ ಕಚೇರಿ ಅಥವಾ ರಾಷ್ಟ್ರೀಕೃತ ಬ್ಯಾಂಕ್ ಆದರೆ ಕೇಂದ್ರ ವಿಚಕ್ಷಣಾ ಆಯೋಗ. ಖೋಟಾ ದಾಖಲೆ, ನಂಬಿಕೆ ದ್ರೋಹದ ಬಗ್ಗೆ ಪೊಲೀಸ್ ಠಾಣೆಗೂ ಹೋಗಬಹುದು. 2024ರ ಜುಲೈ 1ಕ್ಕಿಂತ ಮುಂಚಿನ ಕೃತ್ಯಕ್ಕೆ ಹಳೆಯ ಐಪಿಸಿ, ಆಮೇಲಿನದ್ದಕ್ಕೆ ಭಾರತೀಯ ನ್ಯಾಯ ಸಂಹಿತೆ. ಸೆಕ್ಷನ್ ನೀವೇ ಬರೆಯಲು ಹೋಗಬೇಡಿ, ನಡೆದದ್ದನ್ನು ಬರೆಯಿರಿ.

ಹಂತ 8: ದೂರು ಬರೆಯುವುದು

ಲೋಕಾಯುಕ್ತಕ್ಕೆ ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ (ಅಫಿಡವಿಟ್) ಕೊಡಬೇಕು. ಎರಡನೆಯದನ್ನು ನೋಟರಿ ಮುಂದೆ ಸಹಿ ಮಾಡಿ. ಹೆಸರಿಲ್ಲದ ಅರ್ಜಿ ಇಲ್ಲಿ ದೂರು ಅನ್ನಿಸಿಕೊಳ್ಳುವುದಿಲ್ಲ. ಬೇಕಂತಲೇ ಸುಳ್ಳು ದೂರು ಕೊಟ್ಟರೆ ಜೈಲು ಶಿಕ್ಷೆಗೆ ಕಾಯ್ದೆಯಲ್ಲೇ ಜಾಗ ಇದೆ. ಅದಕ್ಕೇ ಹೇಳಿದ್ದು, ಅಳತೆ ಮಾತ್ರ ಬರೆಯಿರಿ.

ಒಂದು ಪುಟ, ಹೆಚ್ಚೆಂದರೆ ಎರಡು. “ಎಂ.ಬಿ. ಸಂಖ್ಯೆ ಇಂಥದ್ದು, ಪುಟ ಇಂಥದ್ದರಲ್ಲಿ 150 ಮೀಟರ್ ಅಂತ ದಾಖಲಿಸಲಾಗಿದೆ (ಲಗತ್ತು 3). ದಿನಾಂಕ ಇಂಥದ್ದರಂದು ಅಳೆದಾಗ 118 ಮೀಟರ್ ಇದೆ (ಲಗತ್ತು 4, ಫೋಟೊಗಳು). ಅಳತೆ ದಾಖಲಿಸಿದವರು ಮತ್ತು ದೃಢೀಕರಿಸಿದವರ ಹುದ್ದೆ ಲಗತ್ತು 3ರಲ್ಲಿದೆ. ಜಂಟಿ ಸ್ಥಳ ಪರಿಶೀಲನೆ ಮಾಡಿಸಿ.” ಇಷ್ಟು ಸಾಕು. “ಬೇಲಿಯೇ ಎದ್ದು ಹೊಲ ಮೇಯ್ದಿದೆ” ಅಂತೆಲ್ಲ ಬರೆದರೆ ಓದುವ ಅಧಿಕಾರಿಗೆ ನಿಮ್ಮ ಸಿಟ್ಟು ಮಾತ್ರ ಕಾಣುತ್ತದೆ. “ಕೋಟ್ಯಂತರ ಲೂಟಿ” ಅಂತ ಬರೆದು, ವಿಚಾರಣೆಯಲ್ಲಿ ಒಂದೂವರೆ ಲಕ್ಷ ಸಿಕ್ಕಿತು ಅಂದುಕೊಳ್ಳಿ. ನೀವೇ ಸುಳ್ಳು ಹೇಳಿದ ಹಾಗೆ ಕಾಣುತ್ತದೆ.

ಮೂಲ ಕಾಗದ ಯಾರಿಗೂ ಕೊಡಬೇಡಿ. ಒಂದು ಸೆಟ್ಟು ನಿಮ್ಮ ಮನೆಯಲ್ಲಿ, ಒಂದು ಇನ್ನೊಬ್ಬರ ಮನೆಯಲ್ಲಿ ಇರಲಿ.

ಲಂಚ ಕೇಳುತ್ತಿದ್ದಾರಾ? ಅದರ ದಾರಿ ಬೇರೆ

ಇದಕ್ಕೆ ಅರ್ಜಿ, ಮೇಲ್ಮನವಿ ಯಾವುದೂ ಬೇಡ. ನೇರ ಜಿಲ್ಲೆಯ ಲೋಕಾಯುಕ್ತ ಪೊಲೀಸ್ ಠಾಣೆಗೆ ಹೋಗಿ, ದುಡ್ಡು ಕೊಡುವ ಮುಂಚೆ. ಅವರು ನೋಟುಗಳ ಸಂಖ್ಯೆ ಬರೆದುಕೊಂಡು ಫಿನಾಫ್ತಲೀನ್ ಪುಡಿ ಸವರುತ್ತಾರೆ. ಆ ನೋಟು ಮುಟ್ಟಿದ ಬೆರಳನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅದ್ದಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಟ್ರ್ಯಾಪ್ ಅನ್ನುವುದು ಇದನ್ನೇ. ಸ್ಥಳದಲ್ಲೇ ಹಿಡಿಯುವ ಇಂಥ ಕೇಸಿಗೆ 17ಎ ಅನುಮತಿ ಬೇಕಿಲ್ಲ. ಅಧಿಕಾರಿ ಕೇಳಿದರು ಅನ್ನುವುದು ಮುಖ್ಯ, ನೀವಾಗಿ ಆಸೆ ತೋರಿಸಿದರೆ ಕೇಸು ನಿಲ್ಲುವುದಿಲ್ಲ.

ಬಲವಂತಕ್ಕೆ ಈಗಾಗಲೇ ಕೊಟ್ಟಾಗಿದೆಯಾ? ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ಪ್ರಕಾರ ಲಂಚ ಕೊಡುವುದೂ ಅಪರಾಧ. ಆದರೆ ಒತ್ತಾಯಕ್ಕೆ ಕೊಟ್ಟವರು 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರಿಗೆ ಆ ಕಲಮು ಅನ್ವಯಿಸುವುದಿಲ್ಲ. ಎಂಟನೇ ದಿನ ಫೋನ್ ಮಾಡಿ “ಈಗ ಏನು ಮಾಡೋದು” ಅಂದರೆ ನನ್ನ ಹತ್ತಿರ ಒಳ್ಳೆ ಉತ್ತರ ಇರುವುದಿಲ್ಲ.

ಹಂತ 9: ನಿಮ್ಮ ಸುರಕ್ಷತೆ, ಆಮೇಲೆ ಬೆನ್ನು ಹತ್ತುವುದು

ಸುಮ್ನೆ ಧೈರ್ಯ ಹೇಳುವುದಿಲ್ಲ. ಅಪಾಯ ನಿಜ. ಸುವರ್ಣ ಚತುಷ್ಪಥ ಹೆದ್ದಾರಿಯ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಬರೆದು, ಹೆಸರು ಗುಟ್ಟಾಗಿಡಿ ಅಂತ ಕೋರಿದ್ದ ಎಂಜಿನಿಯರ್ ಸತ್ಯೇಂದ್ರ ದುಬೆ 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಕೊಲೆಯಾದರು. ಅದಾದ ಮೇಲೆ 2004ರಲ್ಲಿ ಕೇಂದ್ರ ಒಂದು ವ್ಯವಸ್ಥೆ ತಂದಿತು. ಪಿಐಡಿಪಿಐ ಅನ್ನುತ್ತಾರೆ. ಕೇಂದ್ರ ಸರ್ಕಾರದ ನೌಕರರ ಮೇಲಿನ ದೂರನ್ನು ಮುಚ್ಚಿದ ಲಕೋಟೆಯಲ್ಲಿ, ಲಕೋಟೆಯ ಮೇಲೆ ಪಿಐಡಿಪಿಐ ಅಂತ ಬರೆದು, ಹೊರಗೆ ನಿಮ್ಮ ಹೆಸರು ಹಾಕದೆ ಕೇಂದ್ರ ವಿಚಕ್ಷಣಾ ಆಯೋಗದ ಕಾರ್ಯದರ್ಶಿಗೆ ಕಳಿಸಿದರೆ ಹೆಸರು ಗುಟ್ಟಾಗಿಡುತ್ತಾರೆ. ಲಕೋಟೆಯ ಮೇಲೆ ಆ ಪದ ಬರೆಯದಿದ್ದರೆ ಅದು ಮಾಮೂಲಿ ದೂರಾಗುತ್ತದೆ, ಗುಟ್ಟು ಉಳಿಯುವುದಿಲ್ಲ.

ರಾಜ್ಯದ ದೂರುಗಳಿಗೆ ಗುಂಪೇ ರಕ್ಷಣೆ. ಮೂರ್ನಾಲ್ಕು ಜನ ಬೇರೆ ಬೇರೆ ಅರ್ಜಿ ಹಾಕಿ. ಬೆದರಿಕೆ ಬಂದರೆ ಅವತ್ತೇ ಲಿಖಿತವಾಗಿ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಇನ್ನೊಂದು ಮಾತು, ಖಾರವಾಗಿಯೇ ಹೇಳುತ್ತೇನೆ: ಗುತ್ತಿಗೆದಾರರು “ಕೂತು ಮಾತಾಡೋಣ” ಅಂತ ಕರೆದರೆ ಚಹಾಕ್ಕೂ ಹೋಗಬೇಡಿ. ಅಲ್ಲಿ ತೆಗೆದ ಒಂದು ಫೋಟೊ ಸಾಕು, ನಿಮ್ಮ ಮೇಲೆ ಸುಲಿಗೆ ಕೇಸು ಹಾಕಲು. ಅರ್ಜಿ ಹಾಕಿ ದುಡ್ಡು ಕೇಳುವವರೂ ಇದ್ದಾರೆ. ಅವರಿಂದಾಗಿಯೇ ಕಚೇರಿಗಳಲ್ಲಿ ನಮ್ಮನ್ನು ಅನುಮಾನದಿಂದ ನೋಡುತ್ತಾರೆ.

ದೂರು ಕೊಟ್ಟ ಮೇಲೆ ನಿಮ್ಮ ದೂರಿಗೆ ಸಂಖ್ಯೆ ಸಿಗುತ್ತದೆ. ಮುಂದಿನ ಪತ್ರಗಳಲ್ಲೆಲ್ಲ ಅದನ್ನು ಬರೆಯಿರಿ. ಆರೋಪಿತ ಅಧಿಕಾರಿಯ ವಿವರಣೆ ನಿಮಗೆ ಕಳಿಸಿ, ನಿಮ್ಮ ಉತ್ತರ ಕೇಳಬಹುದು. ಆ ಪತ್ರಕ್ಕೆ ಉತ್ತರ ಕೊಡದೆ ಕೂತರೆ ದೂರು ಮುಕ್ತಾಯವಾಗುವ ಸಂಭವ ಜಾಸ್ತಿ. ವಿಳಾಸ ಬದಲಾದರೆ ತಿಳಿಸಿ. ಸ್ಥಳ ಪರಿಶೀಲನೆಗೆ ಬಂದ ದಿನ ನೀವೂ ಟೇಪು ತೆಗೆದುಕೊಂಡು ಹೋಗಿ, ಮಹಜರಿನಲ್ಲಿ ನಿಮ್ಮ ಅಳತೆಯನ್ನೂ ಬರೆದಿದ್ದಾರೆಯೇ ಅಂತ ಓದಿ ನೋಡಿಯೇ ಸಹಿ ಮಾಡಿ.

ಕೊನೆಗೆ “ಇಂತಿಷ್ಟು ವಸೂಲಿ ಮಾಡಲು ಆದೇಶಿಸಲಾಗಿದೆ” ಅಂತ ಪತ್ರ ಬಂದರೆ ಸಿಹಿ ಹಂಚಿ ಸಂಭ್ರಮಿಸುವ ಮುಂಚೆ ಸ್ವಲ್ಪ ತಡೆಯಿರಿ. ಆದೇಶ ಆದ ಎಷ್ಟೋ ದುಡ್ಡು ಖಜಾನೆಗೆ ಬರುವುದೇ ಇಲ್ಲ. ಮೂರು ತಿಂಗಳು ಬಿಟ್ಟು ಮತ್ತೆ 10 ರೂಪಾಯಿ ಕೊಟ್ಟು ಒಂದೇ ಸಾಲಿನ ಅರ್ಜಿ ಹಾಕಿ: “ಸದರಿ ಆದೇಶದಂತೆ ಸರ್ಕಾರಕ್ಕೆ ಜಮಾ ಮಾಡಿದ ಚಲನ್‌ನ ದೃಢೀಕೃತ ನಕಲು ಕೊಡಿ.”